ಒಟಿಪಿ ಹೇಳಬೇಡಿ ಅಂದರಷ್ಟೇ ಸಾಕಾ?

ಅರಸೀಕೆರೆಯಲ್ಲಿ ನನ್ನದೊಂದು ಅಂಗಡಿ ಇದೆ. ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ, ಎಲ್ಲವೂ ಅಲ್ಲೇ. ಪಹಣಿ ತೆಗೆಸುವವರು, ಜಾತಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ಮಕ್ಕಳ ಸ್ಕಾಲರ್‌ಶಿಪ್‌ಗೆ ಬರುವವರು ಇರುತ್ತಾರೆ. ಬಂದವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಫೋನನ್ನು ಟೇಬಲ್ ಮೇಲೆ ಇಡುತ್ತಾರೆ. "ಒಟಿಪಿ ಬಂದ್ರೆ ನೀನೇ ನೋಡ್ಕೊ ತಾಯಿ" ಅನ್ನುತ್ತಾರೆ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಸೇವಾ ಕೇಂದ್ರಗಳ ಮುಂದೆ ಸಾಲು ನಿಂತ ಹೆಂಗಸರನ್ನು ನೆನಪಿಸಿಕೊಳ್ಳಿ. ರೇಷನ್ ಕಾರ್ಡ್, ತಮ್ಮ ಆಧಾರ್, ಗಂಡನ ಆಧಾರ್, ಪಾಸ್‌ಬುಕ್ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. ನಂಬರ್ ಬಂದರೆ ಗಟ್ಟಿಯಾಗಿ ಓದಿ ಹೇಳಿದರು. ಹೇಳದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಅದೇ ಫೋನಿಗೆ ಬ್ಯಾಂಕಿನ ಮೆಸೇಜ್ ಬರುತ್ತದೆ, ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು. ಕೇಂದ್ರದಲ್ಲಿ ಕೂತವರು ಹೇಳಿ ಅನ್ನುತ್ತಾರೆ, ಬ್ಯಾಂಕಿನವರು ಹೇಳಬೇಡಿ ಅನ್ನುತ್ತಾರೆ. ಇಂಥ ಹೊತ್ತಲ್ಲಿ ಮೂರನೆಯವನೊಬ್ಬ ಫೋನ್ ಮಾಡಿ, "ಅಮ್ಮಾ, ನಿಮ್ಮ ಗೃಹಲಕ್ಷ್ಮಿ ಕಂತು ನಿಂತಿದೆ, ಒಂದು ನಂಬರ್ ಬರುತ್ತೆ ಹೇಳಿ" ಅಂದರೆ ಅವರು ಹೇಳಿಬಿಡುತ್ತಾರೆ. ಅದರಲ್ಲಿ ಅವರದ್ದೇನು ತಪ್ಪು? ಈ ಅಭ್ಯಾಸ ಮಾಡಿಸಿದ್ದು ನಾವೇ ಅಲ್ವಾ?

ಹಾಗಾಗಿ ಹೊಸದಾಗಿ ಕಂಪ್ಯೂಟರ್, ಫೋನ್ ಹಿಡಿದವರಿಗೆ ಬರೀ "ಅದು ಮಾಡಬೇಡಿ, ಇದು ಮುಟ್ಟಬೇಡಿ" ಅಂತ ಪಟ್ಟಿ ಕೊಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಯಾವುದು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಗೊತ್ತಾದರೆ ಸಾಕು, ಉಳಿದದ್ದನ್ನು ಅವರೇ ಯೋಚಿಸುತ್ತಾರೆ. ಒಟಿಪಿಯನ್ನೇ ತೆಗೆದುಕೊಳ್ಳಿ. ಆ ಮೆಸೇಜಿನಲ್ಲಿ ಆರು ಅಂಕಿ ಮಾತ್ರ ಇರುವುದಿಲ್ಲ. ಇದು ಯಾತಕ್ಕೆ ಅಂತಲೂ ಬರೆದಿರುತ್ತದೆ. ಆಧಾರ್ ಗುರುತಿಗೋ, ವಾಟ್ಸಾಪ್ ಲಾಗಿನ್‌ಗೋ, ಇಷ್ಟು ರೂಪಾಯಿ ಕಳಿಸುವುದಕ್ಕೋ. ಹಾಗಾಗಿ ನನ್ನ ಅಂಗಡಿಗೆ ಬಂದವರಿಗೆ ನಾನು ಹೇಳುವುದು ಇಷ್ಟೇ: ನಂಬರ್ ಓದುವ ಮೊದಲು ಅದರ ಹಿಂದೆ ಮುಂದೆ ಇರುವ ಸಾಲು ಓದಿ. ಇಂಗ್ಲಿಷ್ ಬರದಿದ್ದರೆ ಮಗಳ ಹತ್ತಿರ ಓದಿಸಿ. ಸ್ಕಾಲರ್‌ಶಿಪ್ ಅರ್ಜಿಗೆ ಅಂತ ಬಂದಿದ್ದೀರಿ, ಮೆಸೇಜಿನಲ್ಲಿ ರೂಪಾಯಿ ಲೆಕ್ಕ ಇದೆ ಅಂದರೆ ಅಲ್ಲೇ ನಿಲ್ಲಿಸಿ. ಎದುರಿಗೆ ಕೂತಿರುವವಳು ನಾನೇ ಆಗಿದ್ದರೂ ನಿಲ್ಲಿಸಿ.

ನಮ್ಮಂಥ ಅಂಗಡಿಗಳಿಗೆ ಮೊದಲು ಗಂಟು ಬಿದ್ದದ್ದು ಪೆನ್‌ಡ್ರೈವ್ ವೈರಸ್. ಶಾರ್ಟ್‌ಕಟ್ ವೈರಸ್ ಅಂತ ಕರೆಯುತ್ತೇವೆ. ಪೆನ್‌ಡ್ರೈವ್ ತೆರೆದರೆ ಫೋಲ್ಡರ್‌ಗಳೆಲ್ಲ ಇದ್ದ ಹಾಗೇ ಕಾಣುತ್ತವೆ. ಮೂಲೆಯಲ್ಲೊಂದು ಪುಟ್ಟ ಬಾಣದ ಗುರುತು ಮಾತ್ರ ಹೊಸದು. ಅಸಲಿ ಫೋಲ್ಡರನ್ನು ವೈರಸ್ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ಟನ್ನು ಆ ಜಾಗದಲ್ಲಿ ಇಟ್ಟಿರುತ್ತದೆ. ನೀವು ಕ್ಲಿಕ್ ಮಾಡಿದಾಗ ಮೊದಲು ವೈರಸ್ ಓಡುತ್ತದೆ, ಆಮೇಲೆ ಫೋಲ್ಡರ್ ತೆರೆಯುತ್ತದೆ. ಬೇಕಾದ ಫೈಲ್ ಸಿಕ್ಕಿತಲ್ಲ ಅಂತ ನಾವು ಸುಮ್ಮನಾಗುತ್ತೇವೆ. ಅಷ್ಟರಲ್ಲಿ ಅದು ಕಂಪ್ಯೂಟರಿಗೆ ಸೇರಿಯಾಯಿತು. ಮುಂದೆ ಆ ಕಂಪ್ಯೂಟರಿಗೆ ಹಾಕಿದ ಪ್ರತಿ ಪೆನ್‌ಡ್ರೈವ್‌ಗೂ ಅಂಟುತ್ತದೆ. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಪ್ರಬಂಧ, ಪ್ರಿಂಟ್‌ಗೆ ತಂದ ಅರ್ಜಿ, ಲಗ್ನಪತ್ರಿಕೆಯ ಡಿಸೈನ್, ಎಲ್ಲದರ ಜೊತೆಗೂ ಅದು ಅಂಗಡಿಯಿಂದ ಕಾಲೇಜಿಗೆ, ಕಾಲೇಜಿನಿಂದ ಆಫೀಸಿಗೆ ಸುತ್ತಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಫೈಲ್‌ಗಳೆಲ್ಲ ಹೋದವು ಅಂತ ಹೆದರಿ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ಪೂರ್ತಿ ಅಳಿಸಿದವರನ್ನು ತುಂಬಾ ನೋಡಿದ್ದೇನೆ. ಹೆಚ್ಚಿನ ಸಲ ಫೈಲ್‌ಗಳು ಎಲ್ಲೂ ಹೋಗಿರುವುದಿಲ್ಲ. ವಿಂಡೋಸ್‌ನ ವ್ಯೂ ಮೆನುವಿನಲ್ಲಿ ಮರೆಯಾದ ಫೈಲ್‌ಗಳನ್ನು ತೋರಿಸು ಎನ್ನುವ ಆಯ್ಕೆ ಇದೆ. ಫೋಲ್ಡರ್ ಆಪ್ಶನ್ಸ್ ಒಳಗೆ ಸಿಸ್ಟಮ್ ಫೈಲ್‌ಗಳನ್ನು ಬಚ್ಚಿಡು ಎನ್ನುವುದಕ್ಕೆ ಇರುವ ಟಿಕ್ ತೆಗೆದರೆ ಮಂಕಾದ ಬಣ್ಣದಲ್ಲಿ ಎಲ್ಲವೂ ಎದ್ದು ಬರುತ್ತವೆ. ಗಾಬರಿಯಲ್ಲಿ ಮಾಡಿದ ಫಾರ್ಮ್ಯಾಟ್ ಎಷ್ಟೋ ಸಲ ವೈರಸ್‌ಗಿಂತ ಜಾಸ್ತಿ ನಷ್ಟ ಮಾಡಿದೆ.

ಒಂದು ಕಾಲದಲ್ಲಿ ಕ್ಲಿಕ್ ಕೂಡ ಬೇಕಿರಲಿಲ್ಲ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನೇ ಓಡುವ ಆಟೋರನ್ ಎಂಬ ಸೌಲಭ್ಯ ವಿಂಡೋಸ್‌ನಲ್ಲಿತ್ತು. ಸಿಡಿ ಹಾಕಿದರೆ ತಾನೇ ಶುರುವಾಗಲಿ ಎಂದು ಇಟ್ಟಿದ್ದು ಅದು. 2008ರ ನವೆಂಬರ್‌ನಲ್ಲಿ ಕಾಣಿಸಿಕೊಂಡ ಕಾನ್ಫಿಕರ್ ಎಂಬ ದುಷ್ಟ ಪ್ರೋಗ್ರಾಂ ನೆಟ್‌ವರ್ಕ್ ಮೂಲಕ ಹರಡಿತು, ಆಮೇಲಿನ ರೂಪಗಳಲ್ಲಿ ಈ ದಾರಿಯನ್ನೂ ಹಿಡಿಯಿತು. ಕೊನೆಗೆ ಮೈಕ್ರೋಸಾಫ್ಟ್ 2011ರ ಫೆಬ್ರವರಿಯಲ್ಲಿ ಹಳೆಯ ವಿಂಡೋಸ್‌ಗಳಿಗೂ ಅಪ್‌ಡೇಟ್ ಕೊಟ್ಟು ಪೆನ್‌ಡ್ರೈವ್‌ಗಳಿಗೆ ಆಟೋರನ್ ನಿಲ್ಲಿಸಿತು. ತಾನಾಗಿ ಓಡುವುದು ನಿಂತ ಮೇಲೆ ಮನುಷ್ಯನ ಕೈಯಲ್ಲೇ ಕ್ಲಿಕ್ ಮಾಡಿಸಬೇಕಾಯಿತು. ಶಾರ್ಟ್‌ಕಟ್ ಉಪಾಯ ಅದಕ್ಕೇ ಅಷ್ಟು ಹಬ್ಬಿದ್ದು. ವೈರಸ್, ವರ್ಮ್, ಟ್ರೋಜನ್ ಅಂತ ಹೆಸರುಗಳ ವ್ಯತ್ಯಾಸ ಹೊಸಬರು ಬಾಯಿಪಾಠ ಮಾಡಬೇಕಿಲ್ಲ. ಅದು ಒಳಗೆ ಬಂದದ್ದು ಹೇಗೆ ಎಂದು ತಿಳಿದರೆ ಸಾಕು.

ಕ್ಲಿಕ್ ಮಾಡಿಸುವ ಉಪಾಯಗಳಲ್ಲಿ ತುಂಬಾ ದೊಡ್ಡದೊಂದು 2000ದ ಮೇ 4ರಂದು ಫಿಲಿಪೀನ್ಸ್‌ನ ಮನಿಲಾದಿಂದ ಹೊರಟಿತು. ಐ ಲವ್ ಯೂ ಎಂಬ ವಿಷಯದ ಇಮೇಲ್. ಜೊತೆಗೊಂದು ಫೈಲ್. ನೋಡುವುದಕ್ಕೆ ಬರೀ ಅಕ್ಷರಗಳ ಪ್ರೇಮಪತ್ರ. ಅದರ ಪೂರ್ತಿ ಹೆಸರಿನ ಕೊನೆಯಲ್ಲಿ ಡಾಟ್ ಟಿಎಕ್ಸ್‌ಟಿ ಆದಮೇಲೆ ಡಾಟ್ ವಿಬಿಎಸ್ ಅಂತ ಇತ್ತು. ಅಂದರೆ ಅದು ಓದುವ ಪತ್ರ ಅಲ್ಲ, ಓಡುವ ಪ್ರೋಗ್ರಾಂ. ಆದರೆ ವಿಂಡೋಸ್ ಹೆಸರಿನ ಕೊನೆಯ ತುಂಡನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಈಗಲೂ ನಾವಾಗಿ ಕೇಳದಿದ್ದರೆ ತೋರಿಸುವುದಿಲ್ಲ. ತೆರೆದ ಕೂಡಲೇ ಅದು ಅಡ್ರೆಸ್ ಪಟ್ಟಿಯಲ್ಲಿದ್ದ ಎಲ್ಲರಿಗೂ ತನ್ನನ್ನೇ ಕಳಿಸಿತು, ಕಂಪ್ಯೂಟರಿನಲ್ಲಿದ್ದ ಫೋಟೋಗಳ ಮೇಲೆ ತನ್ನ ಪ್ರತಿ ಬರೆದು ಹಾಳು ಮಾಡಿತು. ಬ್ರಿಟನ್ನಿನ ಸಂಸತ್ತು ತನ್ನ ಇಮೇಲ್ ವ್ಯವಸ್ಥೆಯನ್ನೇ ಮುಚ್ಚಬೇಕಾಯಿತು. ಬರೆದವನು ಓನೆಲ್ ಡಿ ಗುಜ್ಮನ್ ಎಂಬ ವಿದ್ಯಾರ್ಥಿ. ಆಗ ಆ ದೇಶದಲ್ಲಿ ಇಂಥ ಕೆಲಸಕ್ಕೆ ಕಾನೂನೇ ಇರಲಿಲ್ಲ, ಅವನಿಗೆ ಶಿಕ್ಷೆ ಆಗಲಿಲ್ಲ. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷ ಅಕ್ಟೋಬರ್ 17ಕ್ಕೆ. ಮರುವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಕ್ರೈಂ ಪೊಲೀಸ್ ಠಾಣೆ ಶುರುವಾಯಿತು.

ಆ ಪ್ರೇಮಪತ್ರ ಈಗ ಮದುವೆ ಕರೆಯೋಲೆ ಆಗಿದೆ. ವಾಟ್ಸಾಪ್‌ನಲ್ಲಿ ಬರುತ್ತದೆ. ಹೆಸರು ಲಗ್ನಪತ್ರಿಕೆ ಅಂತಲೇ ಇರುತ್ತದೆ, ಕೊನೆಯಲ್ಲಿ ಡಾಟ್ ಎಪಿಕೆ. ಇಲ್ಲದಿದ್ದರೆ ಆರ್‌ಟಿಒ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ. ಎಪಿಕೆ ಅಂದರೆ ಆಂಡ್ರಾಯ್ಡ್ ಫೋನಿಗೆ ಆಪ್ ಹಾಕುವ ಫೈಲ್. ಕರೆಯೋಲೆ ಫೋಟೋ ಆಗಿರಬಹುದು, ಪಿಡಿಎಫ್ ಆಗಿರಬಹುದು, ವಿಡಿಯೋ ಆಗಿರಬಹುದು. ಆಪ್ ಆಗಿರುವುದಕ್ಕೆ ಕಾರಣವೇ ಇಲ್ಲ. ಇದೊಂದು ಮಾತು ನಮ್ಮ ಊರಿನ ಪ್ರತಿ ಮನೆಗೂ ಮುಟ್ಟಲಿ ಅಂತ ನನಗೆ ಆಸೆ. ಏಕೆಂದರೆ ಕಳಿಸುವವರು ಅಪರಿಚಿತರು ಅಲ್ಲ. ನಿಮ್ಮ ಸೋದರತ್ತೆಯ ಮಗನ ಫೋನ್ ಇಂಥ ಆಪ್‌ನಿಂದ ಕಳ್ಳರ ಹಿಡಿತಕ್ಕೆ ಸಿಕ್ಕರೆ, ಮುಂದಿನ ಕರೆಯೋಲೆ ಅವನ ಹೆಸರಿನಲ್ಲೇ ನಿಮಗೆ ಬರುತ್ತದೆ. ಗೊತ್ತಿಲ್ಲದವರಿಂದ ಬಂದದ್ದನ್ನು ತೆರೆಯಬೇಡಿ ಎನ್ನುವ ಬುದ್ಧಿಮಾತು ಅಲ್ಲಿ ಏನೂ ಕೆಲಸಕ್ಕೆ ಬರುವುದಿಲ್ಲ.

ಅದನ್ನು ಒತ್ತಿದ ಮೇಲೆ ಏನಾಗುತ್ತದೆ? ಫೋನ್ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಪ್ಲೇ ಸ್ಟೋರಿನಿಂದ ಬಂದದ್ದಲ್ಲ, ಹಾಕಲೇ ಎಂದು ಕೇಳುತ್ತದೆ. ಹಾಕಿದ ಮೇಲೆ ಆ ಆಪ್ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕರೆಯೋಲೆಗೆ ನಿಮ್ಮ ಎಸ್‌ಎಂಎಸ್ ಯಾಕೆ ಬೇಕು? ಅಲ್ಲೊಂದು ಕ್ಷಣ ನಿಂತರೆ ಉಳಿದುಕೊಳ್ಳುತ್ತೀರಿ. ಆದರೆ ನಮ್ಮ ಜನಕ್ಕೆ "ಅಲೌ, ಅಲೌ, ಓಕೆ" ಒತ್ತಿ ಅಭ್ಯಾಸವಾಗಿದೆ. ಪ್ರತಿ ಆಪ್ ಕೂಡ ಏನೇನೋ ಕೇಳುತ್ತದೆ, ಒತ್ತದಿದ್ದರೆ ಮುಂದೆ ಹೋಗುವುದಿಲ್ಲ. ಅನುಮತಿ ಸಿಕ್ಕಿದ ಮೇಲೆ ಬ್ಯಾಂಕಿನಿಂದ ಬಂದ ಒಟಿಪಿ ನೀವು ನೋಡುವ ಮೊದಲೇ ಬೇರೆಯವರ ಕೈಸೇರುತ್ತದೆ. ಆಗ ನೀವು ಯಾರಿಗೂ ಒಟಿಪಿ ಹೇಳಿಯೇ ಇಲ್ಲ. ಆದರೂ ದುಡ್ಡು ಹೋಗಿದೆ.

ಹಾಕಿಬಿಟ್ಟಿದ್ದೀರಿ ಅಂತ ಗೊತ್ತಾದರೆ ಮೊದಲು ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಇನ್ನು ಮುಂದಿನ ಒಟಿಪಿ ಅಲ್ಲಿಗೆ ಬರುತ್ತದೆ. ಆ ಫೋನಿನಿಂದಲೇ ಬ್ಯಾಂಕಿಗೆ ಹೇಳಿ. ಆಪ್ ತೆಗೆಯುವ ಕೆಲಸ ಆಮೇಲೆ. ಕೆಲವು ಆಪ್‌ಗಳು ತಮ್ಮ ಚಿಹ್ನೆಯನ್ನೇ ಬಚ್ಚಿಡುತ್ತವೆ. ಗೊತ್ತಾಗದಿದ್ದರೆ ಫೋಟೋ, ನಂಬರ್ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್, ಅಂದರೆ ಫೋನನ್ನು ಪೂರ್ತಿ ಖಾಲಿ ಮಾಡಿಸುವುದೇ ವಾಸಿ.

ಇನ್ನು ಕಂಪ್ಯೂಟರ್ ಬೀಗ ಹಾಕಿ ದುಡ್ಡು ಕೇಳುವವರ ವಿಷಯ. ಇವರ ರಾನ್ಸಮ್‌ವೇರ್ ನಿಮ್ಮ ಫೈಲ್‌ಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಕೀಲಿ ಬೇಕಾದರೆ ಇಷ್ಟು ಕೊಡಿ ಎಂಬ ಚೀಟಿ ಬಿಡುತ್ತದೆ. 2017ರ ಮೇ 12ರಂದು ಹರಡಿದ ವನ್ನಾಕ್ರೈ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ಹಿಡಿಯಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಿದರು. ಮಾರ್ಕಸ್ ಹಚಿನ್ಸ್ ಎಂಬ ಯುವಕ ಅದರೊಳಗೆ ಅಡಗಿದ್ದ ಒಂದು ವೆಬ್ ವಿಳಾಸವನ್ನು ಕಂಡು ತನ್ನ ಹೆಸರಿಗೆ ನೋಂದಾಯಿಸಿದ ಮೇಲೆ ಅದು ಹರಡುವುದು ನಿಂತಿತು. ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸುವುದು ಬೇರೆಯೇ ಒಂದು ತಾರೀಖು. ವನ್ನಾಕ್ರೈ ಒಳಗೆ ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಹಾಕಿಕೊಳ್ಳುವುದಕ್ಕೆ ಸುಮಾರು ಎರಡು ತಿಂಗಳು ಸಮಯ ಇತ್ತು.

ನಮ್ಮ ಕಡೆ ಅಪ್‌ಡೇಟ್ ಯಾಕೆ ಹಾಕುವುದಿಲ್ಲ ಅಂದರೆ, ಎಷ್ಟೋ ಅಂಗಡಿಗಳಲ್ಲಿ ವಿಂಡೋಸ್ ಕೊಂಡದ್ದಲ್ಲ. ಹಾಕಿಕೊಟ್ಟ ಹುಡುಗ ಅಪ್‌ಡೇಟ್ ಆಫ್ ಮಾಡಿ ಹೋಗಿರುತ್ತಾನೆ. ಫೋಟೋಶಾಪ್, ಕೋರಲ್ ಡ್ರಾ, ಎಲ್ಲವೂ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದದ್ದು. ಕ್ರ್ಯಾಕ್ ಹಾಕುವಾಗ ಆಂಟಿವೈರಸ್ ಆಫ್ ಮಾಡಿ ಎಂದು ಅದರಲ್ಲೇ ಬರೆದಿರುತ್ತದೆ, ನಾವು ಹಾಗೇ ಮಾಡುತ್ತೇವೆ. ಸ್ಟಾಪ್ ಎಂಬ ಹೆಸರಿನ ರಾನ್ಸಮ್‌ವೇರ್ ಕುಟುಂಬ ವರ್ಷಗಟ್ಟಲೆ ಹರಡಿದ್ದು ಮುಖ್ಯವಾಗಿ ಇಂಥ ಕ್ರ್ಯಾಕ್‌ಗಳ ಮೂಲಕವೇ. ಅದಕ್ಕೆ ಸಿಕ್ಕವರು ದೊಡ್ಡ ಕಂಪನಿಗಳಲ್ಲ, ಮನೆಯವರು, ವಿದ್ಯಾರ್ಥಿಗಳು, ಸಣ್ಣ ಅಂಗಡಿಯವರು. ನನಗೆ ಗೊತ್ತಿರುವ ಒಂದು ಸ್ಟುಡಿಯೋದಲ್ಲಿ ಒಂದಿಡೀ ಸೀಸನ್ನಿನ ಮದುವೆ ಫೋಟೋಗಳು ಹೀಗೆ ಹೋದವು. ಮದುವೆ ಮತ್ತೆ ಮಾಡಿಸಿ ಫೋಟೋ ತೆಗೆಯುವುದಕ್ಕೆ ಆಗುವುದಿಲ್ಲವಲ್ಲ. ಆ ಮನೆಗಳಿಗೆ ಹೋಗಿ ವಿಷಯ ಹೇಳಬೇಕಾದ ಅವರ ಸಂಕಟ ನೋಡಿದ್ದೇನೆ.

ಇದಕ್ಕೆ ಮದ್ದು ಆಂಟಿವೈರಸ್‌ಗಿಂತ ಹೆಚ್ಚಾಗಿ ಇನ್ನೊಂದು ಹಾರ್ಡ್ ಡಿಸ್ಕ್. ಕೆಲಸದ ಫೈಲ್‌ಗಳನ್ನು ಅದಕ್ಕೆ ಕಾಪಿ ಮಾಡಿ, ಕೇಬಲ್ ಕಿತ್ತು ಬೀರುವಿನಲ್ಲಿಡಬೇಕು. ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟರೆ ಬೀಗ ಬಿದ್ದಾಗ ಅದಕ್ಕೂ ಬೀಳುತ್ತದೆ. ಕ್ರ್ಯಾಕ್ ಬದಲು ಬಿಟ್ಟಿಯಾಗಿ ಸಿಗುವ ಒಳ್ಳೆಯ ಸಾಫ್ಟ್‌ವೇರ್ ಇವೆ. ಲಿಬ್ರೆ ಆಫೀಸ್, ಗಿಂಪ್, ಇಂಕ್‌ಸ್ಕೇಪ್. ಯೂನಿಕೋಡ್ ಕನ್ನಡ ಇವುಗಳಲ್ಲಿ ಚೆನ್ನಾಗಿ ಬರುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಅಪ್‌ಡೇಟ್ ನಿಂತಿದೆ, ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಕಂಪ್ಯೂಟರ್ ಬಿಸಾಡಬೇಕಾಗಿಲ್ಲ. ಅದರಲ್ಲಿ ವಿಂಡೋಸ್ ಬದಲು ಬಿಟ್ಟಿಯಾಗಿ ಸಿಗುವ ಲಿನಕ್ಸ್ ಹಾಕಬಹುದು. ಅದೂ ಬೇಡ ಅಂದರೆ ಬ್ಯಾಂಕ್ ಕೆಲಸವನ್ನಾದರೂ ಅದರಲ್ಲಿ ಮಾಡಬೇಡಿ.

ಪಾಸ್‌ವರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಪಾಯ ಇರುವುದು ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಇಡುವುದರಲ್ಲಿ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಕಳುವಾದವು. ಅವರು ಅದನ್ನು ಗೂಢಲಿಪಿಯಲ್ಲೂ ಇಟ್ಟಿರಲಿಲ್ಲ. ಆ ಪಟ್ಟಿಯನ್ನು ಇಂದಿಗೂ ಪಾಸ್‌ವರ್ಡ್ ಊಹಿಸಲು ಬಳಸುತ್ತಾರೆ. ಎಲ್ಲೋ ಒಂದು ಕಡೆ ಸಿಕ್ಕಿದ್ದನ್ನು ನಿಮ್ಮ ಇಮೇಲ್‌ನಲ್ಲಿ ಹಾಕಿ ನೋಡುತ್ತಾರೆ. ಹಾಗಾಗಿ ಇಮೇಲ್‌ಗೆ ಬೇರೆ, ಬ್ಯಾಂಕಿಗೆ ಬೇರೆ ಇರಲಿ. ನೆನಪಿರುವುದಿಲ್ಲ ಅಂದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯಲ್ಲಿಡಿ. ಇದನ್ನು ಕೇಳಿ ಹುಬ್ಬೇರಿಸುವವರಿದ್ದಾರೆ. ಆದರೆ ದೂರದ ಯಾವುದೋ ಊರಿನ ಕಳ್ಳನ ಕೈಗೆ ನಿಮ್ಮ ಬೀರುವಿನ ನೋಟ್‌ಬುಕ್ ಎಟುಕುವುದಿಲ್ಲ. ವಾಟ್ಸಾಪ್‌ನಲ್ಲಿ ಟೂ ಸ್ಟೆಪ್ ಪಿನ್ ಒಂದು ಹಾಕಿಕೊಳ್ಳಿ, ಯಾರಾದರೂ ನಿಮ್ಮ ಒಟಿಪಿ ಕದ್ದರೂ ಅದರ ಮುಂದೆ ಇನ್ನೊಂದು ಬಾಗಿಲು ಇರುತ್ತದೆ.

ನಕಲಿ ವೆಬ್‌ಸೈಟ್ ಗುರುತಿಸುವುದು ಹೇಗೆ ಅಂತ ಕಾಲೇಜು ಮಕ್ಕಳು ಕೇಳುತ್ತಾರೆ. ಬೀಗದ ಚಿಹ್ನೆ ನೋಡಿ ಅಂತ ಹಳೆಯ ಪಾಠ ಒಂದಿದೆ, ಅದನ್ನು ಮರೆತುಬಿಡಿ. ಕಳ್ಳರ ಸೈಟಿಗೂ ಬೀಗ ಸಿಗುತ್ತದೆ. ಮಧ್ಯದಲ್ಲಿ ಯಾರೂ ಓದುತ್ತಿಲ್ಲ ಎಂದಷ್ಟೇ ಅದರ ಅರ್ಥ. ವಿಳಾಸವನ್ನು ಅಂಚೆ ವಿಳಾಸದ ಹಾಗೆ ಓದಬೇಕು. ಮನೆ ಹೆಸರು ಮೊದಲು, ಊರು ಕೊನೆಗೆ. ಶುರುವಿನ https:// ಬಿಟ್ಟು, ಮೊದಲ ಓರೆಗೆರೆ ಬರುವುದಕ್ಕೆ ಮುಂಚೆ ಕೊನೆಯಲ್ಲಿ ಏನಿದೆಯೋ ಅದೇ ಅಸಲಿ ಊರು. ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಅಂತ ಮುಗಿದರೆ ಅದು ಸರ್ಕಾರದ್ದು, ಏಕೆಂದರೆ ಗವ್ ಡಾಟ್ ಇನ್ ಎನ್ನುವುದನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ. ಸೇವಾಸಿಂಧು, ಕರ್ನಾಟಕ, ಗವ್ ಎಲ್ಲವೂ ಮುಂದೆ ಇದ್ದು ಕೊನೆಗೆ ಇನ್ನೇನೋ ಬಾಲ ಇದ್ದರೆ ಅದು ಬೇರೆ ಯಾರದೋ ಮನೆ.

ಯುಪಿಐ ವಿಷಯ ಚಿಕ್ಕದು. ಪಿನ್ ಹಾಕುವುದು ನಿಮ್ಮ ಖಾತೆಯಿಂದ ದುಡ್ಡು ಕಳಿಸುವುದಕ್ಕೆ. ಬರುವ ದುಡ್ಡಿಗೆ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಹಳೆಯ ಸೋಫಾ ಮಾರುವಾಗ, ಮನೆ ಬಾಡಿಗೆಗೆ ಕೊಡುವಾಗ "ಅಡ್ವಾನ್ಸ್ ಹಾಕ್ತೀನಿ, ಸ್ಕ್ಯಾನ್ ಮಾಡಿ" ಅನ್ನುವವನು ಸುಳ್ಳುಗಾರ. ನಿಮ್ಮ ಪರದೆಯನ್ನು ದೂರದಲ್ಲಿರುವವರಿಗೆ ತೋರಿಸುವ ಆಪ್‌ಗಳ ಬಗ್ಗೆಯೂ ಹುಷಾರಾಗಿರಿ. ಎನಿಡೆಸ್ಕ್ ಕೆಟ್ಟ ಆಪ್ ಅಲ್ಲ, ರಿಪೇರಿಯವರು ದಿನಾ ಬಳಸುತ್ತಾರೆ. ಆದರೆ ಅದರ ಮೂಲಕ ಯುಪಿಐ ಮೋಸ ನಡೆಯುತ್ತಿದೆ ಎಂದು ಆರ್‌ಬಿಐ 2019ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಬ್ಯಾಂಕಿನವರು ನಿಮ್ಮ ಪರದೆ ನೋಡಬೇಕಾದ ಸಂದರ್ಭ ಬರುವುದೇ ಇಲ್ಲ.

ಇಷ್ಟು ಓದಿದವರಿಗೆ ಮೋಸ ಹೋಗುವವರೆಲ್ಲ ಓದುಬರಹ ಇಲ್ಲದವರು ಅಂತ ಅನ್ನಿಸಬಹುದು. ಹಾಗೇನಿಲ್ಲ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ನಿಂದ 11 ಕೋಟಿಗೂ ಜಾಸ್ತಿ ಕಿತ್ತ ಸುದ್ದಿಯನ್ನು 2024ರ ಕೊನೆಯಲ್ಲಿ ಓದಿದೆವು. ಪೊಲೀಸ್ ಡ್ರೆಸ್‌ನಲ್ಲಿ ಒಬ್ಬ ವಿಡಿಯೋ ಕಾಲ್‌ನಲ್ಲಿ ಕೂತು, ನಿಮ್ಮ ಆಧಾರ್ ಮೇಲೆ ಕೇಸ್ ಇದೆ, ಕ್ಯಾಮೆರಾ ಆಫ್ ಮಾಡಬೇಡಿ, ಯಾರಿಗೂ ಹೇಳಬೇಡಿ ಅನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಫೋನಿನಲ್ಲಿ ಬಂಧಿಸುವ ಪದ್ಧತಿ ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಬೇಕಾಯಿತು. ಆ ಮೋಸದ ಜೀವ ಇರುವುದು "ಯಾರಿಗೂ ಹೇಳಬೇಡಿ" ಎನ್ನುವ ಮಾತಿನಲ್ಲಿ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿದರೆ ಅದು ಅಲ್ಲಿಗೇ ಮುರಿದು ಬೀಳುತ್ತದೆ.

ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ಪರಿಣತ ಇದ್ದಾರೆ. ನಮ್ಮ ಇಮೇಲ್, ಪಾಸ್‌ವರ್ಡ್ ಎಲ್ಲಾದರೂ ಸೋರಿದೆಯೇ ಎಂದು ನೋಡುವ ವೆಬ್‌ಸೈಟನ್ನು 2013ರಿಂದ ನಡೆಸುತ್ತಿರುವವರು. 2025ರ ಮಾರ್ಚ್‌ನಲ್ಲಿ ಅವರೇ ನಕಲಿ ಪುಟವೊಂದರಲ್ಲಿ ಪಾಸ್‌ವರ್ಡ್, ಒಟಿಪಿ ಎರಡನ್ನೂ ಹಾಕಿಬಿಟ್ಟರು. ದೂರ ಪ್ರಯಾಣ ಮಾಡಿ ದಣಿದಿದ್ದರು. ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತುಂಬಿಕೊಡುವ ಅವರ ಪಾಸ್‌ವರ್ಡ್ ಮ್ಯಾನೇಜರ್ ಆ ಪುಟದಲ್ಲಿ ತಾನಾಗಿ ಏನನ್ನೂ ತುಂಬಲಿಲ್ಲ, ಏಕೆಂದರೆ ವಿಳಾಸ ಬೇರೆ ಇತ್ತು. ಆ ಸೂಚನೆಯನ್ನು ಅವರು ಗಮನಿಸಲಿಲ್ಲ. ಅವರು ಆಮೇಲೆ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಅವತ್ತೇ ನಡೆದದ್ದೆಲ್ಲವನ್ನೂ ಬರೆದು ಪ್ರಕಟಿಸಿದರು. ಯಾರ ಇಮೇಲ್ ವಿಳಾಸಗಳು ಕಳುವಾಗಿದ್ದವೋ ಅವರಿಗೆ ತಿಳಿಸಿದರು. ಮುಚ್ಚಿಡಲಿಲ್ಲ.

ಬಳಸಿದವರ ಕೈಯಲ್ಲಿ ಏನೂ ಇಲ್ಲದ ಮೋಸವೂ ಇದೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ ಹಣ ಹೋಯಿತು. ಅವರು ಯಾವ ಲಿಂಕ್ ಒತ್ತಿರಲಿಲ್ಲ, ಯಾರಿಗೂ ಒಟಿಪಿ ಹೇಳಿರಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರು, ಅಷ್ಟೇ. ನೋಂದಣಿಯ ಕಾವೇರಿ ವೆಬ್‌ಸೈಟಿನಿಂದ ಪಡೆದ ಪತ್ರಗಳಲ್ಲಿ ಆಧಾರ್ ನಂಬರೂ ಇತ್ತು, ಬೆರಳಚ್ಚೂ ಇತ್ತು. ಕಳ್ಳರು ಅದರಿಂದ ನಕಲಿ ಬೆರಳಚ್ಚು ಮಾಡಿದರು. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಗೆ ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟೇ ಸಾಕು. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಪೆನ್ಶನ್ ತೆಗೆದುಕೊಳ್ಳುವ ಅಜ್ಜಿಯರಿಗೆ ಇದು ನಿಜವಾಗಿ ಉಪಕಾರ ಮಾಡಿರುವ ವ್ಯವಸ್ಥೆ. ಅದಕ್ಕೇ ಇದನ್ನು ಸುಮ್ನೆ ಬೈದು ಬಿಡುವುದಕ್ಕೂ ನನಗೆ ಮನಸ್ಸು ಬರುವುದಿಲ್ಲ.

ಬೆರಳಚ್ಚಿಗೆ ಬೀಗ ಹಾಕಬಹುದು. ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂದು ಇದೆ, ಆಧಾರ್ ವೆಬ್‌ಸೈಟಿನಲ್ಲೂ ಇದೆ. ಬೇಕಾದಾಗ ಸ್ವಲ್ಪ ಹೊತ್ತು ತೆಗೆದು ಮತ್ತೆ ಹಾಕಬಹುದು. ಆದರೆ ಒಂದು ತೊಡಕು. ಲಾಕ್ ಇದ್ದರೆ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ಓಡುವುದಿಲ್ಲ. ಹಾಗಾಗಿ ರೇಷನ್ ತರುವವರು ಹೋಗುವ ಮೊದಲು ಬೀಗ ತೆಗೆಯಬೇಕು. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ ಇದು ಹೇಗೆ ಆಗುತ್ತದೆ? ಅವರ ಪರವಾಗಿ ಮನೆಯಲ್ಲಿ ಯಾರಾದರೂ ಮಾಡಬೇಕು. ಎಲ್ಲೆಂದರಲ್ಲಿ ಆಧಾರ್ ಝೆರಾಕ್ಸ್ ಕೊಡುವ ಬದಲು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು. ನನ್ನ ಅಂಗಡಿಯಲ್ಲಿ ಕೇಳಿದವರಿಗೆ ಅದನ್ನೇ ತೆಗೆದುಕೊಡುತ್ತೇನೆ.

ದುಡ್ಡು ಹೋದಾಗ ನಮ್ಮ ಮನೆಗಳಲ್ಲಿ ನಡೆಯುವುದು ನನಗೆ ತುಂಬಾ ನೋವು ಕೊಡುತ್ತದೆ. "ಅಷ್ಟೂ ಗೊತ್ತಾಗಲ್ವಾ ನಿಂಗೆ?" ಎಂಬ ಮಾತು ಮೊದಲು ಬರುತ್ತದೆ. ಈ ಮಾತಿಗೆ ಹೆದರಿ ಹೆಂಗಸರು ಗಂಡನಿಗೆ ಹೇಳುವುದಿಲ್ಲ. ಅಪ್ಪಂದಿರು ಮಕ್ಕಳಿಗೆ ಹೇಳುವುದಿಲ್ಲ. ಕಾಲೇಜು ಹುಡುಗರು ಯಾರಿಗೂ ಹೇಳುವುದಿಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಿದ ದಿನ ಮನೆಯವರಿಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿದು ಎಲ್ಲೋ ಎಟಿಎಂನಲ್ಲಿ ಹೊರಬಂದಿರುತ್ತದೆ. ಆ ಖಾತೆಗಳೂ ಎಷ್ಟೋ ಸಲ ಬಡ ಹುಡುಗರದ್ದೇ. ಕಮಿಷನ್ ಆಸೆಗೆ ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಬೇರೆಯವರಿಗೆ ಕೊಟ್ಟವರು. ಆಮೇಲೆ ಕೇಸಿನಲ್ಲಿ ಮೊದಲು ಸಿಗುವ ಹೆಸರು ಅವರದ್ದೇ. ನಿಮ್ಮ ಮನೆಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಿ.

ಹೋದದ್ದು ಗೊತ್ತಾದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆ ಕಡೆಯವರು ವಿವರ ಬರೆದುಕೊಂಡ ತಕ್ಷಣ ಅದು ಬ್ಯಾಂಕುಗಳಿಗೆ ಹೋಗುತ್ತದೆ. ದುಡ್ಡು ಆ ಹೊತ್ತಿಗೆ ಯಾವ ಖಾತೆಯಲ್ಲಿದೆಯೋ ಅಲ್ಲೇ ತಡೆಹಿಡಿಯಲು ನೋಡುತ್ತಾರೆ. ಇನ್ನೂ ಹರಿಯುತ್ತಿದ್ದರೆ ಸಿಗುವ ಸಾಧ್ಯತೆ ಇದೆ, ನಗದಾಗಿ ಹೊರಬಂದ ಮೇಲೆ ಕಷ್ಟ. ಇದರ ಜೊತೆಗೆ ನಿಮ್ಮ ಬ್ಯಾಂಕಿಗೂ ಹೇಳಬೇಕು. 2017ರ ಜುಲೈನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿದ್ದು, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನೀವೇ ಪಿನ್ನೋ ಒಟಿಪಿಯೋ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ಹೇಳುವುದು ಒಂದು ಗಂಟೆ ತಡವಾದರೆ ಆ ಗಂಟೆಯ ನಷ್ಟ ನಿಮ್ಮ ತಲೆಗೇ ಬರುತ್ತದೆ. ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿದವರು ಕಳೆದುಕೊಳ್ಳುವುದು ಇದನ್ನೇ.

ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಖಾತೆ ನಂಬರ್, ಹೋದ ಮೊತ್ತ, ತಾರೀಖು, ಸಮಯ ಬರೆದಿಟ್ಟುಕೊಳ್ಳಿ. ಯುಪಿಐ ಆದರೆ ಆ ವ್ಯವಹಾರದ 12 ಅಂಕಿಯ ನಂಬರ್ ಆಪ್‌ನಲ್ಲೇ ಸಿಗುತ್ತದೆ. ಮೋಸ ಮಾಡಿದವರ ಮೆಸೇಜ್, ಕಾಲ್ ಪಟ್ಟಿ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಮನೆಯವರು ನೋಡಬಾರದು ಅಂತ ಮೊದಲು ಅಳಿಸುವುದು ಅದನ್ನೇ, ಆದರೆ ಸಾಕ್ಷಿ ಇರುವುದೂ ಅಲ್ಲೇ. 1930ರವರು ಕೊಡುವ ದೂರಿನ ನಂಬರ್ ಬರೆದುಕೊಳ್ಳಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ವೆಬ್‌ಸೈಟಿನಲ್ಲೂ ದೂರು ಹಾಕಬಹುದು. ಜಿಲ್ಲಾ ಕೇಂದ್ರಗಳಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ, ನಮ್ಮ ಕಡೆಯವರಿಗೆ ಅದು ಹಾಸನದಲ್ಲಿ. ಈಗಿನ ಹೊಸ ಕಾನೂನಿನಲ್ಲಿ ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. ತಡೆಹಿಡಿದ ಹಣ ತಾನಾಗಿ ವಾಪಸ್ ಬಂದುಬಿಡುವುದಿಲ್ಲ. ಎಷ್ಟೋ ಸಲ ಅದಕ್ಕೆ ಕೋರ್ಟಿಗೆ ಅರ್ಜಿ ಹಾಕಿ ಆದೇಶ ಪಡೆಯಬೇಕು, ತಿಂಗಳುಗಟ್ಟಲೆ ಓಡಾಟ ಇರುತ್ತದೆ. ವಯಸ್ಸಾದವರು ಒಬ್ಬರೇ ಹೋದರೆ ಅರ್ಧಕ್ಕೆ ಬಿಟ್ಟುಬಿಡುತ್ತಾರೆ. ಮನೆಯಲ್ಲಿ ಓದಿದವರು ಯಾರಾದರೂ ಒಬ್ಬರು ಆ ಕಾಗದಗಳ ಫೈಲ್ ಹಿಡಿದುಕೊಂಡು ಅವರ ಜೊತೆ ಹೋಗಿ.